ಜಾತಕವೂ ಅಲ್ಲ, ಬಿನ್ನವತ್ತಳೆಯೂ ಅಲ್ಲ

ಒಬ್ಬ ಮನುಷ್ಯನ ವಿಷಯವನ್ನು ಒಂದು ಹಾಳೆಯಲ್ಲಿ ಬರೆದು ಇನ್ನೊಬ್ಬರ ಕೈಗೆ ಕೊಡುವ ರೂಢಿ ನಮ್ಮಲ್ಲಿ ಹೊಸದಲ್ಲ. ಮದುವೆಯ ಮಾತು ಬಂದಾಗ ಜಾತಕ ಕೊಡುತ್ತೇವೆ; ದೊಡ್ಡವರು ಊರಿಗೆ ಬಂದಾಗ ಬಿನ್ನವತ್ತಳೆ ಅರ್ಪಿಸುತ್ತೇವೆ. ಮೊದಲನೆಯದರಲ್ಲಿ ಹುಟ್ಟಿದ ಗಳಿಗೆ, ತಂದೆಯ ಹೆಸರು, ಗೋತ್ರ ಇರುತ್ತವೆ. ಎರಡನೆಯದರಲ್ಲಿ ಇರುವ ಗುಣ, ಇಲ್ಲದ ಗುಣ ಎಲ್ಲವನ್ನೂ ಒಂದೇ ಹಾರದಲ್ಲಿ ಪೋಣಿಸಿರುತ್ತದೆ. ಆ ಮನುಷ್ಯ ದಿನ ಬೆಳಗಾದರೆ ಮಾಡುವ ಕೆಲಸವೇನು ಎಂಬ ಪ್ರಶ್ನೆ ಎರಡರಲ್ಲಿಯೂ ಏಳುವುದಿಲ್ಲ. ನಮ್ಮ ಪದವೀಧರ ತರುಣ ತರುಣಿಯರು ನೌಕರಿಗೆಂದು ಕಳುಹಿಸುವ ಬಯೋಡೇಟಾ—ರೆಸ್ಯೂಮ್ ಎನ್ನಿ, ಸಿ.ವಿ. ಎನ್ನಿ—ಈ ಎರಡನ್ನೂ ಕೂಡಿಸಿ ಹೊಲಿದ ಅಂಗಿಯಾಗಿದೆ. ಮೇಲರ್ಧ ಬಿನ್ನವತ್ತಳೆ, ಕೆಳಗಿನರ್ಧ ಜಾತಕ. ಕೆಲಸ ಕೊಡುವವನಿಗೆ ಬೇಕಾದ ಸಂಗತಿ ನಡುವೆ ಎಲ್ಲೋ ಹೊಲಿಗೆಯೊಳಗೆ ಮುಚ್ಚಿಹೋಗಿರುತ್ತದೆ.

ಈ ವಿಷಯದಲ್ಲಿ ಬುದ್ಧಿ ಹೇಳುವವರಿಗೇನೂ ಬರವಿಲ್ಲ. ಅಕ್ಷರದ ಗಾತ್ರ ಇಷ್ಟಿರಲಿ, ಅಂಚು ಇಷ್ಟು ಬಿಡಿ, ಎರಡು ಪುಟ ಮೀರಬೇಡಿ, ಸ್ಪೆಲ್ಲಿಂಗ್ ನೋಡಿಕೊಳ್ಳಿ ಎಂದು ಅವರು ಉಪದೇಶಿಸುತ್ತಾರೆ. ಬೇಡವೆನ್ನುವವರು ಯಾರು? ಆದರೆ ಆ ತಪ್ಪುಗಳನ್ನು ತಿಳಿದ ಗೆಳೆಯನೊಬ್ಬ ಅರ್ಧ ಗಂಟೆಯಲ್ಲಿ ತಿದ್ದಿಕೊಟ್ಟಾನು. ನಮ್ಮ ಆಕ್ಷೇಪ ಅದಕ್ಕಿಂತ ಆಳದ್ದು. ನಮ್ಮ ಉಮೇದುವಾರ ತಾನು ನಿಜವಾಗಿ ಮಾಡಿದ ಕೆಲಸವನ್ನು ನಾಚಿಕೆಯಿಂದ ಬಚ್ಚಿಡುತ್ತಾನೆ. ತನಗೇ ಅರ್ಥವಾಗದ ಹೊಗಳಿಕೆಯನ್ನು ಮುಂದಿಡುತ್ತಾನೆ. ಉಳಿದ ತಪ್ಪುಗಳಲ್ಲಿ ಬಹುಪಾಲು ಈ ಒಂದರಿಂದಲೇ ಹುಟ್ಟಿದವು.

ಮೊದಲು ಬಿನ್ನವತ್ತಳೆಯ ಭಾಗವನ್ನು ನೋಡೋಣ. ಹಾಳೆಯ ನೆತ್ತಿಯ ಮೇಲೆ ‘ಆಬ್ಜೆಕ್ಟಿವ್’ ಎಂಬ ತಲೆಬರಹ. ಸವಾಲುಗಳಿಂದ ತುಂಬಿದ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಯೊಡನೆ ತನ್ನ ಏಳಿಗೆಯನ್ನೂ ಸಾಧಿಸುವುದು ಇವರ ಧ್ಯೇಯವಂತೆ. ಬ್ಯಾಂಕಿಗೂ ಇದೇ ಒಕ್ಕಣೆ, ಔಷಧದ ಕಂಪೆನಿಗೂ ಇದೇ ಒಕ್ಕಣೆ, ಶಾಲೆಗೂ ಇದೇ. ಅದರ ಕೆಳಗೆ ಗುಣಗಳ ಪಟ್ಟಿ: ಹಾರ್ಡ್‌ವರ್ಕಿಂಗ್, ಸಿನ್ಸಿಯರ್, ಡೈನಮಿಕ್, ಟೀಮ್ ಪ್ಲೇಯರ್. ತಾನು ಸೋಮಾರಿ, ಅಪ್ರಾಮಾಣಿಕ, ನಾಲ್ಕು ಜನರೊಡನೆ ಹೊಂದಿಕೊಳ್ಳಲಾರದವನು ಎಂದು ಬರೆದುಕೊಂಡ ಉಮೇದುವಾರ ಎಲ್ಲಾದರೂ ಹುಟ್ಟಿದ್ದಾನೆಯೇ? ಎಲ್ಲರೂ ಹೇಳುವ ಮಾತಿನಿಂದ ಒಬ್ಬನ ವಿಷಯವೂ ತಿಳಿಯುವುದಿಲ್ಲ. ಇನ್ನು ಹವ್ಯಾಸಗಳು. ಪುಸ್ತಕ ಓದುವುದು, ಸಂಗೀತ ಕೇಳುವುದು, ಕ್ರಿಕೆಟ್ ಆಡುವುದು. ಇತ್ತೀಚೆಗೆ ಓದಿದ ಪುಸ್ತಕ ಯಾವುದಪ್ಪಾ ಎಂದು ಸಂದರ್ಶನದಲ್ಲಿ ಕೇಳಿದರೆ ಎದುರಿನ ಕುರ್ಚಿಯಲ್ಲಿ ಮೌನವೇ ಉತ್ತರ.

ಈ ಸಾಲುಗಳು ಬರುವುದಾದರೂ ಎಲ್ಲಿಂದ? ಸೀನಿಯರ್ ಕೊಟ್ಟ ಮಾದರಿಯಿಂದ. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ ಹಂಚಿದ ಅಚ್ಚಿನಿಂದ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಹಿಂದಿನ ಗಿರಾಕಿ ಬಿಟ್ಟುಹೋದ ಪ್ರತಿಯಿಂದ. ಹೆಸರು ಬದಲಾಯಿಸಿ ಊರಿನ ಹೆಸರು ಬದಲಾಯಿಸಲು ಮರೆತವರುಂಟು. ಒಂದು ಕಂಪೆನಿಗೆ ಕಳುಹಿಸುವ ಪತ್ರದಲ್ಲಿ ಇನ್ನೊಂದರ ಹೆಸರನ್ನು ಉಳಿಸಿಕೊಂಡವರುಂಟು. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಂದಿವೆ. ಕೇಳಿದ ಕ್ಷಣದಲ್ಲಿ ನುಣುಪಾದ ಇಂಗ್ಲಿಷಿನಲ್ಲಿ ಪುಟ ತುಂಬಿಸಿಕೊಡುತ್ತವೆ. ಭಾಷೆ ತಿದ್ದಿಸಿಕೊಳ್ಳುವುದಕ್ಕೆ ಅವುಗಳಿಂದ ಉಪಕಾರವೇನೋ ಆಗುತ್ತದೆ. ಆದರೆ ನಾವು ಹೇಳದ ಸಂಗತಿ ಅವುಗಳಿಗೆ ತಿಳಿಯುವುದಾದರೂ ಹೇಗೆ? ಬರಿಗೈಯಲ್ಲಿ ಹೋಗಿ ಕೇಳಿದವನಿಗೆ ಅವು ಕೊಡುವುದು ಅದೇ ಹಳೆಯ ಬಿನ್ನವತ್ತಳೆ. ರೇಷ್ಮೆಯ ವಸ್ತ್ರದ ಮೇಲೆ ಅಚ್ಚು ಹಾಕಿಸಿದ್ದು, ಅಷ್ಟೇ.

ಇಷ್ಟು ಹೊಗಳಿಕೆಯ ನಡುವೆ ಬಚ್ಚಿಟ್ಟಿದ್ದು ಏನು ಎಂಬುದನ್ನು ನೋಡಿದರೆ ನಗು ಹೋಗಿ ಸಂಕಟವಾಗುತ್ತದೆ. ಡಿಗ್ರಿ ಓದುತ್ತಲೇ ಎರಡು ವರ್ಷ ತಂದೆಯ ದಿನಸಿ ಅಂಗಡಿಯ ಲೆಕ್ಕ ಬರೆದ ಹುಡುಗ, ಸಗಟು ವ್ಯಾಪಾರಿಗಳೊಡನೆ ದರ ಮಾತನಾಡಿದ ಹುಡುಗ, ಜಿ.ಎಸ್.ಟಿ. ಬಿಲ್ಲುಗಳನ್ನು ತಿಂಗಳು ತಿಂಗಳು ಹೊಂದಿಸಿಟ್ಟ ಹುಡುಗ ‘ಅನುಭವ’ ಎಂಬ ಕಡೆ ‘ಇಲ್ಲ’ ಎಂದು ಬರೆಯುತ್ತಾನೆ. ಬೆಳಗಿನ ಜಾವ ಎದ್ದು ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಹಾಲಿನ ಅಳತೆ ಬರೆದು, ಫ್ಯಾಟ್ ಪರೀಕ್ಷಿಸಿ, ಆಮೇಲೆ ಬಸ್ಸು ಹಿಡಿದು ಕಾಲೇಜಿಗೆ ಹೋದ ಹುಡುಗಿಯೂ ಹಾಗೆಯೇ. ಕೋಟು ಹಾಕಿಕೊಂಡು ಮಾಡದ ಕೆಲಸ ಕೆಲಸವಲ್ಲವೆಂದು ಇವರಿಗೆ ಹೇಳಿಕೊಟ್ಟವರಾರು? ‘ಹಾರ್ಡ್‌ವರ್ಕಿಂಗ್’ ಎಂಬ ಒಣ ಮಾತಿಗಿಂತ ‘ಎರಡು ವರ್ಷ ಸಂಘದ ಹಾಲಿನ ಲೆಕ್ಕ ಬರೆದಿದ್ದೇನೆ’ ಎಂಬ ಒಂದು ಸಾಲು ನೂರು ಪಾಲು ಮೇಲು. ಅದರಲ್ಲಿ ಶ್ರಮವೂ ಕಾಣುತ್ತದೆ, ನಂಬಿಕೆಯೂ ಕಾಣುತ್ತದೆ, ಲೆಕ್ಕವೂ ಕಾಣುತ್ತದೆ. ಹೊಗಳಿಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಭಾಷೆಯ ವಿಷಯವೂ ಇಷ್ಟೇ. ‘ಬಲ್ಲ ಭಾಷೆಗಳು’ ಎಂಬ ಕಡೆ ಇಂಗ್ಲಿಷನ್ನು ಮೊದಲು ಬರೆದು ಕನ್ನಡವನ್ನು ಕೊನೆಗೆ, ಅದೂ ಸಂಕೋಚದಿಂದ ಸೇರಿಸುತ್ತಾರೆ. ಕರ್ನಾಟಕದ ಪೇಟೆಗಳಲ್ಲಿ ವಹಿವಾಟು ನಡೆಸುವ ಬ್ಯಾಂಕಿಗೆ, ಆಸ್ಪತ್ರೆಗೆ, ಬೀಜ ಗೊಬ್ಬರದ ಕಂಪೆನಿಗೆ ಜನರೊಡನೆ ಕನ್ನಡದಲ್ಲಿ ಮಾತನಾಡಿ ಪತ್ರ ಬರೆಯಬಲ್ಲವನು ಬೇಡವೇ? ಮನೆಯಲ್ಲಿ ತುಳುವೋ ತೆಲುಗೋ ಉರ್ದುವೋ ಇದ್ದರೆ ಅದೂ ಒಂದು ಬಂಡವಾಳ. ಹುಟ್ಟಿನಿಂದ ಬಂದದ್ದೆಂದು ಅದನ್ನು ಕಡೆಗಣಿಸಬೇಕಾಗಿಲ್ಲ; ಅದರಿಂದ ಯಾವ ಕೆಲಸ ಮಾಡಬಲ್ಲೆ ಎಂದು ಹೇಳಿದರೆ ಆಯಿತು.

ಮಾಡಿದ್ದನ್ನು ಹೇಳುವುದೆಂದರೇನು ಎಂಬುದಕ್ಕೆ ದೊಡ್ಡ ನಿದರ್ಶನವೊಂದಿದೆ. 1912ರ ಫೆಬ್ರವರಿಯಲ್ಲಿ ಮದರಾಸಿನ ಪೋರ್ಟ್ ಟ್ರಸ್ಟ್ ಕಚೇರಿಗೆ ಒಬ್ಬ ತರುಣ ಗುಮಾಸ್ತೆಯ ಕೆಲಸ ಕೇಳಿ ಅರ್ಜಿ ಹಾಕಿದ. ಎಫ್.ಎ. ಪರೀಕ್ಷೆಯಲ್ಲಿ ತೇರ್ಗಡೆಯಾಗದವನು. ಮೆಟ್ರಿಕ್ಯುಲೇಷನ್ ಆಗಿದೆ, ಎಫ್.ಎ.ವರೆಗೆ ಓದಿದ್ದೇನೆ, ಪ್ರತಿಕೂಲ ಸಂದರ್ಭಗಳಿಂದ ಓದು ಮುಂದುವರಿಯಲಿಲ್ಲ, ಅಂದಿನಿಂದ ಕಾಲವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ ಎಂದು ನೇರವಾಗಿ ತಿಳಿಸಿದ. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಕೆಲಸ ಸಿಕ್ಕಿತು. ಮರುವರ್ಷ ಜನವರಿಯಲ್ಲಿ ಅದೇ ತರುಣ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಬರೆದ. ತಾನು ವರ್ಷಕ್ಕೆ 20 ಪೌಂಡಿನ ಗುಮಾಸ್ತೆ, ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲದವನು ಎಂಬುದನ್ನು ಮೊದಲಿಗೇ ಹೇಳಿ, ತಾನು ಕಂಡುಕೊಂಡ 100ಕ್ಕೂ ಹೆಚ್ಚು ಗಣಿತ ಫಲಿತಾಂಶಗಳನ್ನು ಜೊತೆಗಿಟ್ಟ. ಶ್ರೀನಿವಾಸ ರಾಮಾನುಜನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು ಆ ಪತ್ರದಿಂದ. ಹಾರ್ಡಿಯವರ ಮನಸ್ಸನ್ನು ತಿರುಗಿಸಿದ್ದು ವಿಶೇಷಣಗಳಲ್ಲ, ಆ ಹಾಳೆಗಳಲ್ಲಿದ್ದ ಗಣಿತ. ನಾವೆಲ್ಲರೂ ರಾಮಾನುಜನ್ ಆಗುವುದಿಲ್ಲ, ನಿಜ. ಆದರೆ ಕೊರತೆಯನ್ನು ಮುಚ್ಚದೆ ಹೇಳುವುದಕ್ಕೂ, ಕೆಲಸವನ್ನೇ ಸಾಕ್ಷಿಯಾಗಿ ಮುಂದಿಡುವುದಕ್ಕೂ ಪ್ರತಿಭೆಯೇನೂ ಬೇಕಾಗಿಲ್ಲ.

ಇನ್ನು ಜಾತಕದ ಭಾಗ. ತಂದೆಯ ಹೆಸರು, ತಂದೆಯ ಉದ್ಯೋಗ, ಧರ್ಮ, ಜಾತಿ, ಮದುವೆಯಾಗಿದೆಯೋ ಇಲ್ಲವೋ, ಎತ್ತರ, ತೂಕ, ಕೆಲವೊಮ್ಮೆ ಆಧಾರ್ ಸಂಖ್ಯೆ ಕೂಡ! ಸಾಫ್ಟ್‌ವೇರ್ ಬರೆಯುವವನ ತೂಕ ಕಟ್ಟಿಕೊಂಡು ಕಂಪೆನಿಗೆ ಆಗಬೇಕಾದ್ದೇನು? ಸರ್ಕಾರಿ ನೇಮಕದ ಅರ್ಜಿಯಲ್ಲಿ ಜಾತಿಯ ಅಂಕಣವಿರುವುದು ಮೀಸಲಾತಿಯ ಹಕ್ಕಿಗಾಗಿ. ಅಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ತುಂಬಲೇಬೇಕು. ಖಾಸಗಿ ಕಂಪೆನಿಗೆ, ಕೇಳದಿದ್ದರೂ ನಾವೇ ಬರೆದುಕೊಡುವುದು ಬೇರೆಯ ಮಾತು. ಪ್ರೊಫೆಸರ್ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯಿರಿ. ಪತ್ರಿಕೆಗಳಲ್ಲಿ ಬಂದ ಖಾಸಗಿ ನೌಕರಿಯ ಜಾಹೀರಾತುಗಳಿಗೆ ಸಮಾನ ಯೋಗ್ಯತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಿ ನೋಡಿದರು. ಮೇಲ್ಜಾತಿಯ ಹಿಂದೂ ಹೆಸರುಗಳಿಗೆ ಬಂದಷ್ಟು ಕರೆ ದಲಿತ ಹೆಸರುಗಳಿಗೆ ಬರಲಿಲ್ಲ; ಮುಸ್ಲಿಂ ಹೆಸರುಗಳಿಗೆ ಇನ್ನೂ ಕಡಿಮೆ. ಬರಿಯ ಹೆಸರಿನಿಂದಲೇ ಇಷ್ಟಾಗುವಾಗ, ಜಾತಿ ಧರ್ಮಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಒಪ್ಪಿಸುವುದು ತಾರತಮ್ಯ ಮಾಡುವವನ ಕೈಗೆ ನಾವೇ ಕತ್ತರಿ ಕೊಟ್ಟಂತೆ. ಮದುವೆಯಾದ ಹೆಣ್ಣುಮಗಳು ‘ವಿವಾಹಿತೆ, ಒಂದು ಮಗು’ ಎಂದು ಬರೆದರೂ ಇದೇ ಗತಿ.

ಜಾತಕದ ಕೊನೆಗೆ ಒಂದು ಪ್ರಮಾಣವಚನ. ಮೇಲೆ ಹೇಳಿದ್ದೆಲ್ಲವೂ ತಾನು ತಿಳಿದ ಮಟ್ಟಿಗೆ ಸತ್ಯವೆಂದು ಈ ಮೂಲಕ ಘೋಷಿಸಿ, ಸ್ಥಳ, ದಿನಾಂಕ ಹಾಕಿ, ಸಹಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯಿದೆ. ಇಲ್ಲಿ ಕಳ್ಳನೆಂದು ಯಾರೂ ಕೂಗಿಯೇ ಇಲ್ಲ! ಅರ್ಜಿಯ ನಮೂನೆಯಲ್ಲಿ ಕೇಳಿದ್ದರೆ ಸಹಿ ಮಾಡಬೇಕಾದದ್ದೇ. ಕೇಳದ ಕಡೆ ಇದು ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವ ಹಳೆಯ ಚಾಳಿಯ ಉಳಿಕೆ, ಮತ್ತೇನೂ ಅಲ್ಲ.

ಸತ್ಯವೆಂದು ಆಣೆಯಿಡುವ ಇದೇ ಹಾಳೆಗಳಲ್ಲಿ ಸುಳ್ಳೂ ನುಸುಳುತ್ತದೆ. ಆರು ತಿಂಗಳ ಕೆಲಸ ಎರಡು ವರ್ಷವಾಗುತ್ತದೆ; ಹಣ ಕೊಟ್ಟರೆ ಅನುಭವಪತ್ರ ಬರೆದುಕೊಡುವವರೂ ಇದ್ದಾರೆ. ಈಗ ಹಳೆಯ ಕಂಪೆನಿ, ವಿಶ್ವವಿದ್ಯಾನಿಲಯ, ಭವಿಷ್ಯನಿಧಿಯ ದಾಖಲೆ ಎಲ್ಲವನ್ನೂ ತಾಳೆ ನೋಡುವ ಪದ್ಧತಿ ಬಂದಿದೆ. ಕೆಲಸ ಸಿಕ್ಕಿ ಸಿಹಿ ಹಂಚಿದ ಮೇಲೂ ಹೊರಗೆ ಹಾಕುತ್ತಾರೆ. ಅಮೆರಿಕದ ಯಾಹೂ ಕಂಪೆನಿಯ ಮುಖ್ಯಾಧಿಕಾರಿ ಸ್ಕಾಟ್ ಥಾಮ್ಸನ್ ಅವರ ಪರಿಚಯದಲ್ಲಿ ಅವರು ಪಡೆಯದ ಕಂಪ್ಯೂಟರ್ ವಿಜ್ಞಾನದ ಪದವಿ ಸೇರಿಕೊಂಡದ್ದು 2012ರಲ್ಲಿ ಬಯಲಾಗಿ, ಹುದ್ದೆಗೆ ಬಂದ ನಾಲ್ಕೇ ತಿಂಗಳಲ್ಲಿ ಅವರು ಅದನ್ನು ಬಿಡಬೇಕಾಯಿತು. ಅಂಥ ಎತ್ತರದಲ್ಲಿದ್ದವರನ್ನೇ ಬಿಡದ ಸುಳ್ಳು ನಮ್ಮ ಬಡ ಪದವೀಧರನನ್ನು ಬಿಟ್ಟೀತೇ? ನಡುವೆ ಎರಡು ವರ್ಷ ಖಾಲಿಯಿದ್ದರೆ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿದರೆ ಸಾಕು: ತಾಯಿಯ ಶುಶ್ರೂಷೆ, ಮಗುವಿನ ಪಾಲನೆ, ಸ್ಪರ್ಧಾ ಪರೀಕ್ಷೆಯ ತಯಾರಿ. ಇವುಗಳಲ್ಲಿ ಮುಚ್ಚಿಡುವಂಥ ಅಪರಾಧ ಯಾವುದಿದೆ?

ಒಂದೇ ಹಾಳೆಯನ್ನು ನೂರು ಕಡೆಗೆ ಎಸೆಯುವುದು ಮತ್ತೊಂದು ರೋಗ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಲುಡೋವಿಕೊ ಸ್ಫೋರ್ಜಾಗೆ ಆಶ್ರಯ ಕೇಳಿ ಬರೆದ ಓಲೆಯ ಪ್ರತಿ ಉಳಿದಿದೆ. ಆ ಮಹಾ ಚಿತ್ರಕಾರ ಹತ್ತು ಅಂಶಗಳನ್ನು ಕ್ರಮವಾಗಿ ಬರೆದ: ಹೊತ್ತೊಯ್ಯಬಹುದಾದ ಸೇತುವೆ, ಕಂದಕದ ನೀರು ತೆಗೆಯುವ ಉಪಾಯ, ಕೋಟೆ ಒಡೆಯುವ ಯಂತ್ರ. ಚಿತ್ರಕಲೆಯ ಮಾತು ಬಂದದ್ದು ಕೊನೆಯಲ್ಲಿ. ಯುದ್ಧದ ಭಯದಲ್ಲಿದ್ದ ದೊರೆಗೆ ಮೊದಲು ಬೇಕಾದದ್ದೇನೆಂದು ಅವನು ಯೋಚಿಸಿದ್ದ. ನಮ್ಮವರು ಜಾಹೀರಾತನ್ನು ಪೂರ್ತಿ ಓದುವುದೇ ಅಪರೂಪ. ಎಸ್.ಎಸ್.ಎಲ್.ಸಿ. ಅಂಕದಿಂದ ಮೊದಲುಮಾಡಿ, ಈಗಿನ ಕೆಲಸವನ್ನು ಎರಡನೆಯ ಪುಟದ ಬುಡದಲ್ಲಿ ಇಡುತ್ತಾರೆ. ತೀರ ಇತ್ತೀಚಿನದು, ಕೇಳಿದ ಕೆಲಸಕ್ಕೆ ಹತ್ತಿರದ್ದು ಮೊದಲು ಬರಬೇಡವೇ? ದೊಡ್ಡ ಕಂಪೆನಿಗಳಲ್ಲಿ ಅನೇಕ ಕಡೆ ಮೊದಲ ಜರಡಿ ಹಿಡಿಯುವುದು ಕಂಪ್ಯೂಟರು. ಬಣ್ಣದ ಚೌಕಗಳೂ ಅಲಂಕಾರಗಳೂ ಅದಕ್ಕೆ ತೊಡಕು. ಸಾದಾ ಹಾಳೆ, ಸರಿಯಾದ ಫೋನ್ ನಂಬರು, ಸ್ವಂತ ಹೆಸರಿನ ಇಮೇಲ್ ವಿಳಾಸ ಇದ್ದರೆ ಸಾಕು. ‘ಕೂಲ್‌ಬಾಯ್’ ಎಂಬ ವಿಳಾಸದಿಂದ ಬ್ಯಾಂಕಿನ ಕ್ಯಾಷಿಯರ್ ಹುದ್ದೆ ಕೇಳುವುದು ಲಕ್ಷಣವಲ್ಲ.

ಹುಡುಗರನ್ನು ಮಾತ್ರ ಬೈದರೆ ಅನ್ಯಾಯವಾದೀತು. ಮೂರು ನಾಲ್ಕು ವರ್ಷ ಶುಲ್ಕ ಪಡೆದು ಪದವಿ ಕೊಡುವ ಕಾಲೇಜು, ತನ್ನ ವಿಷಯವಾಗಿ ಒಂದು ಪುಟ ನಿಜ ಬರೆಯುವುದನ್ನು ಏಕೆ ಕಲಿಸುವುದಿಲ್ಲ? ಗೈಡಿನಿಂದ ಉತ್ತರ, ಮಾದರಿಯಿಂದ ಪ್ರಬಂಧ, ಸೀನಿಯರ್‌ನಿಂದ ಪ್ರಾಜೆಕ್ಟು—ಹೀಗೆ ಬೆಳೆಸಿದ ಮೇಲೆ ಬಯೋಡೇಟಾ ಮಾತ್ರ ಸ್ವಂತದ್ದು ಬರಲೆಂದರೆ ಎಲ್ಲಿಂದ ಬಂದೀತು? ಉದ್ಯೋಗದಾತರೂ ಕಡಿಮೆಯಿಲ್ಲ. ಫೋಟೋ ಬೇಕು, ಮದುವೆಯ ವಿವರ ಬೇಕು ಎಂದು ಅವರೇ ಜಾತಕ ಕೇಳುತ್ತಾರೆ. ಆಮೇಲೆ ತಕ್ಕ ಜನ ಸಿಗುವುದಿಲ್ಲವೆಂದು ಗೊಣಗುತ್ತಾರೆ. ತಕ್ಕವಳು ಹಾಲಿನ ಸಂಘದ ಲೆಕ್ಕವನ್ನು ಬಚ್ಚಿಟ್ಟು ಇವರ ಕಸದ ಬುಟ್ಟಿಯಲ್ಲಿಯೇ ಬಿದ್ದಿದ್ದಾಳೆ.

ಅನುಭವವೇ ಇಲ್ಲದ ಹೊಸಬ ಏನು ಬರೆಯಬೇಕೆಂದು ಕೇಳುವವರಿಗೆ ಒಂದು ಉಪಾಯ ಹೇಳಬಹುದು. ಬರೆದ ಹಾಳೆಯನ್ನು ಮುಂದಿಟ್ಟುಕೊಂಡು, ಪಕ್ಕದ ಬೆಂಚಿನವನೂ ಹಾಗೆಯೇ ಬರೆದುಕೊಳ್ಳಬಹುದಾದ ಪ್ರತಿಯೊಂದು ಸಾಲನ್ನೂ ಹೊಡೆದುಹಾಕಲಿ. ಎರಡೇ ಸಾಲು ಉಳಿದರೆ ಹೆದರಬೇಕಾಗಿಲ್ಲ. ಎನ್.ಎಸ್.ಎಸ್. ಶಿಬಿರದಲ್ಲಿ ಊಟದ ವ್ಯವಸ್ಥೆ ನೋಡಿಕೊಂಡದ್ದು, ನೆರೆಮನೆಯ ಮಕ್ಕಳಿಗೆ ಪಾಠ ಹೇಳಿದ್ದು, ಚಿಕ್ಕಪ್ಪನ ಗ್ಯಾರೇಜಿನಲ್ಲಿ ಬೇಸಗೆ ರಜೆ ಕಳೆದದ್ದು ಒಂದೊಂದಾಗಿ ನೆನಪಿಗೆ ಬರುತ್ತವೆ. ಎಷ್ಟು ದಿನ, ಎಷ್ಟು ಜನ, ಏನಾಯಿತು ಎಂದು ಅವನ್ನು ಬರೆಯಲಿ. ಪುಟ ತುಂಬದಿದ್ದರೆ ಖಾಲಿಯಿರಲಿ. ಆದರೆ ಅದರಲ್ಲಿ ಇರುವಷ್ಟು ಅವನದೇ ಆಗಿರಲಿ.