ಅನಿಕಟ್: ಊರ ಮಾತು ಪರದೇಶಕ್ಕೆ
ಮಳೆಗಾಲ ಬಂತೆಂದರೆ ಆಲಮಟ್ಟಿ ಸೀಮೆಯಲ್ಲಿ ಒಂದೇ ಮಾತು: ‘ಡ್ಯಾಮ್ ಎಷ್ಟು ತುಂಬೇತ್ರಿ?’ ಗೇಟು ತೆರೆದಾಗ ಮುಖಕ್ಕೆ ಸಿಡಿಯುವ ಕೃಷ್ಣೆಯ ತುಂತುರಿನಲ್ಲಿ ನಿಂತೂ ಇಂಗ್ಲಿಷ್ ಪದವನ್ನೇ ಆಡುತ್ತೇವೆ. ಆದರೆ ಇಂಗ್ಲಿಷರ ನಿಘಂಟಿನಲ್ಲಿ ‘ಅನಿಕಟ್’ ಎಂಬ ಪದವಿದೆ, ಅದು ನಮ್ಮ ಮನೆಯದು. ತಮಿಳಿನ ‘ಅಣೈಕಟ್ಟು’, ನಮ್ಮ ‘ಅಣೆಕಟ್ಟು’ ಒಂದೇ ಬಳ್ಳಿಯ ಕಾಯಿಗಳು. ಅಣೆ ಎಂದರೆ ಒಡ್ಡು. ಕಾವೇರಿಯ ಕಲ್ಲಣೈ ಬ್ರಿಟಿಷರ ಬಾಯಲ್ಲಿ ‘ಗ್ರ್ಯಾಂಡ್ ಅನಿಕಟ್’ ಆಯಿತು. 1886ರ ‘ಹಾಬ್ಸನ್-ಜಾಬ್ಸನ್’ ಕೋಶಕ್ಕೂ ಪದ ಸೇರಿತು. ಹೋದಲ್ಲಿ ಅರ್ಥ ಮಾತ್ರ ಕಿರಿದಾಯಿತು: ಕಾಲುವೆಗೆ ನೀರು ತಿರುಗಿಸುವ, ಹೊಳೆ ತಲೆಯ ಮೇಲೆ ಹಾಯ್ದುಹೋಗುವ ತಗ್ಗು ಒಡ್ಡು. 519.6 ಮೀಟರ್ ಮಟ್ಟದವರೆಗೆ ನೀರು ತಡೆದು ನಿಂತ ನಮ್ಮ ಆಲಮಟ್ಟಿ ಅವರ ಲೆಕ್ಕದಲ್ಲಿ ಅನಿಕಟ್ ಅಲ್ಲ. ನಮಗೆ ಎರಡೂ ಅಣೆಕಟ್ಟೇ.