ಒತ್ತಿ ನೋಡಿದರೆ ಸಾಲದು, ಎಳೆದೂ ನೋಡಬೇಕು

ಸೇತುವೆಯಾಗಲಿ ಶಾಲೆಯ ಕೊಠಡಿಯಾಗಲಿ, ಕಾಮಗಾರಿಯ ಗುಣಮಟ್ಟದ ಮಾತು ಬಂದಾಗ ಎಲ್ಲರೂ ಕೇಳುವುದು ಕ್ಯೂಬ್ ಟೆಸ್ಟ್ ಆಗಿದೆಯೇ ಎಂದು. 150 ಮಿ.ಮೀ. ಅಚ್ಚಿನಲ್ಲಿ ಕಾಂಕ್ರೀಟ್ ತುಂಬಿ, 28 ದಿನ ನೀರಿನಲ್ಲಿಟ್ಟು, ಯಂತ್ರದಡಿ ಒತ್ತಿ ಒಡೆಯುತ್ತಾರೆ. ಎಂ 30 ಕಾಂಕ್ರೀಟ್ ಎಂದರೆ ಚದರ ಮಿಲಿಮೀಟರಿಗೆ 30 ನ್ಯೂಟನ್ ಒತ್ತಡ ತಡೆಯಬೇಕು. ಆ ಅಂಕಿ ಬಂದರೆ ಬಿಲ್ ಪಾಸಾದಂತೆ. ಆದರೆ ಕಾಂಕ್ರೀಟಿನಲ್ಲಿ ಬಿರುಕು ಹುಟ್ಟುವುದು ಒತ್ತಡದಿಂದಲ್ಲ, ಎಳೆತದಿಂದ. ಒಳಗಿರುವ ಕಣ್ಣಿಗೆ ಕಾಣದ ಸೀಳುಗಳು ಒತ್ತಿದಾಗ ಮುಚ್ಚಿಕೊಳ್ಳುತ್ತವೆ, ಎಳೆದಾಗ ಬಾಯಿ ಬಿಡುತ್ತವೆ. ಹಾಗಾಗಿಯೇ ಅದರ ಎಳೆತ ತಾಳುವ ಶಕ್ತಿ ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಭಟ್ಕಳ, ಹೊನ್ನಾವರ, ಕುಮಟಾದಂಥ ಕಡಲಂಚಿನ ತಾಲ್ಲೂಕುಗಳಲ್ಲಿ ಈ ದುರ್ಬಲ ಭಾಗವನ್ನು ಅಳೆಯದೆ ಸಾರ್ವಜನಿಕ ಕಾಮಗಾರಿಗೆ ಗುಣಮಟ್ಟದ ಪ್ರಮಾಣಪತ್ರ ಕೊಡುವುದು ಅರ್ಧ ತಪಾಸಣೆಯೇ ಸರಿ.

ಎಳೆತಕ್ಕೆ ಕಲ್ಲೂ ಸೋಲುತ್ತದೆ ಎಂಬುದು ಹೊಸ ತಿಳಿವಳಿಕೆಯೇನಲ್ಲ. ಕಲ್ಲುಕುಟಿಗರು ಬಂಡೆಯ ಮೇಲೆ ಸಾಲಾಗಿ ಕುಳಿ ತೋಡಿ, ಬೆಣೆ ಇಟ್ಟು, ಒಂದೊಂದಕ್ಕೂ ಸರದಿಯಂತೆ ಸುತ್ತಿಗೆ ಹಾಕುತ್ತಾರೆ. ಬೆಣೆ ಕಲ್ಲನ್ನು ಎರಡು ಬದಿಗೆ ದೂಡುತ್ತದೆ, ಬಂಡೆ ಗೆರೆ ಹಿಡಿದು ಸೀಳುತ್ತದೆ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದಂಥ ಹಳೆಯ ಶಿಲಾ ಕಟ್ಟಡಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಲ್ಲುವುದಕ್ಕೂ ಇದೇ ಕಾರಣ. ಕಲ್ಲಿನ ತೊಲೆ ಉದ್ದವಾದಷ್ಟೂ ಅದರ ಕೆಳಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಮಿರ್ಜಾನ ಕೋಟೆಯಲ್ಲಿ ದಪ್ಪ ಗೋಡೆಯಾಗಿ ನಿಂತ ಚಿರೆಕಲ್ಲನ್ನು ಉದ್ದನೆಯ ತೊಲೆಯಾಗಿ ಯಾರೂ ಬಳಸಲಿಲ್ಲ.

ಎಳೆತವನ್ನು ನೇರವಾಗಿ ಅಳೆಯುವುದು ಕಷ್ಟ. ಕಲ್ಲಿನ ಅಥವಾ ಕಾಂಕ್ರೀಟಿನ ತುಂಡನ್ನು ಎರಡು ತುದಿಯಲ್ಲಿ ಹಿಡಿದೆಳೆದರೆ ಹಿಡಿದ ಜಾಗದಲ್ಲೇ ಮುರಿಯುತ್ತದೆ. ಇದಕ್ಕೆ ದಾರಿ ಸಿಕ್ಕಿದ್ದು 1943ರಲ್ಲಿ, ಬ್ರೆಜಿಲ್‌ನಲ್ಲಿ. ರಿಯೋ ಡಿ ಜನೈರೊದಲ್ಲಿ ರಸ್ತೆ ಅಗಲಿಸಲು ಹಳೆಯ ಚರ್ಚೊಂದನ್ನು ಇಡಿಯಾಗಿ ಉರುಳೆಗಳ ಮೇಲೆ ಸರಿಸುವ ಯೋಚನೆಯಿತ್ತು. ಯುದ್ಧಕಾಲದಲ್ಲಿ ಉಕ್ಕಿಗೆ ಬರ ಬಂದದ್ದರಿಂದ ಕಾಂಕ್ರೀಟ್ ಉರುಳೆಗಳನ್ನು ಪರೀಕ್ಷೆಗೆ ಒಡ್ಡಿದರು. ಅಡ್ಡ ಮಲಗಿಸಿ ಮೇಲಿನಿಂದ ಒತ್ತಿದಾಗ, ಆ ಒತ್ತಡವೇ ಒಳಗೆ ಅಡ್ಡಕ್ಕೆ ಎಳೆತವಾಗಿ, ಅವು ನಟ್ಟನಡುವೆ ಉದ್ದಕ್ಕೆ ಸೀಳುವುದನ್ನು ಎಂಜಿನಿಯರ್ ಲೋಬೊ ಕಾರ್ನೇರೊ ಗಮನಿಸಿದರು. ಚರ್ಚ್ ಕೊನೆಗೆ ನೆಲಸಮವಾಯಿತು, ಆದರೆ ಈ ಸೀಳು ಪರೀಕ್ಷೆ ಉಳಿಯಿತು. ಕಾಂಕ್ರೀಟಿಗೆ ನಮ್ಮ ಐಎಸ್ 5816, ಶಿಲೆಗೆ ಐಎಸ್ 10082 ಮಾನದಂಡಗಳಲ್ಲಿ ಇರುವುದು ಇದೇ ತತ್ವ. ಸೀಳಿದ ಸಿಲಿಂಡರಿನ ಒಳಮೈ ಕೂಡ ಮಾತಾಡುತ್ತದೆ. ಜಲ್ಲಿಯೇ ತುಂಡಾಗಿದ್ದರೆ ಸಿಮೆಂಟು ಅದನ್ನು ಗಟ್ಟಿಯಾಗಿ ಹಿಡಿದಿತ್ತು ಎಂದರ್ಥ. ಜಲ್ಲಿ ಇಡಿಯಾಗಿ ಕಳಚಿ ನುಣುಪಾದ ಕುಳಿ ಬಿಟ್ಟಿದ್ದರೆ, ಕ್ರಷರಿನ ಧೂಳು ತೊಳೆಯದೆ ಸುರಿದಿರಬಹುದು. ಪುಡಿಯಾದ ಕ್ಯೂಬಿನಲ್ಲಿ ಇದು ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಎಳೆತ ತಾಳಲೆಂದೇ ಕಬ್ಬಿಣದ ಸರಳು ಹಾಕುತ್ತೇವೆ, ಲೆಕ್ಕದಲ್ಲಿ ಕಾಂಕ್ರೀಟಿನ ಎಳೆತ ಶಕ್ತಿಯನ್ನು ಹಿಡಿಯುವುದೇ ಇಲ್ಲ, ಮತ್ತೇಕೆ ಈ ಪರೀಕ್ಷೆ ಎಂದು ಎಂಜಿನಿಯರರು ಕೇಳಬಹುದು. ಭಾರ ಹೊರುವ ಮಟ್ಟಿಗೆ ಅವರ ಮಾತು ಸರಿ. ಆದರೆ ಸರಳನ್ನು ಕಾಯುವುದು ಅದರ ಮೇಲಿನ ಕಾಂಕ್ರೀಟ್ ಹೊದಿಕೆ. ಮೂರು ಕಡೆ ಕಡಲಿರುವ ಮುರ್ಡೇಶ್ವರದ ಕಂದುಕಗಿರಿಯಂಥ ಜಾಗದಲ್ಲಿ ಗಾಳಿಯೇ ಉಪ್ಪು ಹೊತ್ತು ಬರುತ್ತದೆ. ಕಡಲ ತುಂತುರು ಬಡಿಯುವ ಕಾಂಕ್ರೀಟಿಗೆ ಐಎಸ್ 456 ಕನಿಷ್ಠ ಎಂ 35 ದರ್ಜೆಯನ್ನೂ 50 ಮಿ.ಮೀ. ಹೊದಿಕೆಯನ್ನೂ ಕೇಳುತ್ತದೆ. ಇಂಥ ಪರಿಸರದಲ್ಲಿ ಬಿರುಕಿನ ಅಗಲ 0.1 ಮಿ.ಮೀ. ದಾಟಬಾರದು ಎನ್ನುತ್ತದೆ. ಉಪ್ಪು ಒಳಗಿಳಿದರೆ ಸರಳು ತುಕ್ಕು ಹಿಡಿದು ಊದುತ್ತದೆ. ಊದಿದ ತುಕ್ಕು ಹೊದಿಕೆಯನ್ನು ಒಳಗಿನಿಂದ ಸೀಳುತ್ತದೆ, ಇದೂ ಎಳೆತವೇ. ಕರಾವಳಿಯ ಸಜ್ಜಾಗಳ ಅಡಿಯಲ್ಲಿ ಸಿಮೆಂಟು ಹಕ್ಕಳೆಯಾಗಿ ಉದುರಿ ಕೆಂಪು ಸರಳು ಕಾಣುವುದು ಹೀಗೆ. ಸರಳಿದೆ ಎಂಬ ಕಾರಣಕ್ಕೆ ಈ ಪರೀಕ್ಷೆ ಬೇಡವೆಂದರೆ, ಆ ಸರಳನ್ನು ಕಾಯುವುದನ್ನೇ ಮರೆತಂತೆ.

ಕ್ಯೂಬಿನ ಅಂಕಿಯಿಂದಲೇ ಸೂತ್ರ ಹಾಕಿ ಎಳೆತದ ಶಕ್ತಿ ತಿಳಿಯಬಹುದಲ್ಲ ಎಂಬುದು ಇನ್ನೊಂದು ಆಕ್ಷೇಪ. ಸೂತ್ರ ಹೇಳುವುದು ಸರಾಸರಿಯನ್ನು. ಧೂಳು ಮೆತ್ತಿದ ಜಲ್ಲಿ, ಅರೆಬರೆ ಕ್ಯೂರಿಂಗ್ ಇವು ಆ ಸರಾಸರಿಯನ್ನು ಕೆಡಿಸುತ್ತವೆ, ಪರೀಕ್ಷೆ ಬೇಕಿರುವುದೂ ಅಲ್ಲಿಯೇ. ಕಾಂಕ್ರೀಟ್ ಹೆದ್ದಾರಿಯ ವಿನ್ಯಾಸದಲ್ಲಿ ಬಾಗಿದಾಗ ಮುರಿಯದಿರುವ ಶಕ್ತಿಯನ್ನೇ, ಅಂದರೆ ಕೆಳಮೈ ಎಳೆತ ತಾಳುವ ಗುಣವನ್ನೇ, ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ರಸ್ತೆಗೆ ಒಪ್ಪಿದ ತರ್ಕ ಜೆಟ್ಟಿಗೆ, ತಡೆಗೋಡೆಗೆ, ಶರಾವತಿ ಮತ್ತು ಅಘನಾಶಿನಿಯ ಸೇತುವೆಗಳಿಗೆ ಏಕೆ ಬೇಡ? ಖರ್ಚಿನ ನೆಪವೂ ನಿಲ್ಲದು. ಕ್ಯೂಬ್ ಒಡೆಯುವ ಯಂತ್ರವೇ ಇದಕ್ಕೂ ಸಾಕು. ಹೆಚ್ಚಿಗೆ ಬೇಕಿರುವುದು ಸಿಲಿಂಡರಿನ ಅಚ್ಚು ಮತ್ತು ಮೇಲೆ ಕೆಳಗೆ ಇಡುವ ಎರಡು ತೆಳು ಪಟ್ಟಿ.

ಈ ಪರೀಕ್ಷೆಗೆ ಮಿತಿಗಳಿವೆ. ಪರೀಕ್ಷೆಗೆಂದು ಶಿಲೆಯಿಂದ ಕತ್ತರಿಸಿದ ಬಿಲ್ಲೆ ಕೆಲವೊಮ್ಮೆ ಒತ್ತಿದ ತುದಿಯಲ್ಲೇ ಮೊದಲು ಒಡೆದು ಅಂಕಿ ದಾರಿ ತಪ್ಪಿಸುತ್ತದೆ. ಪದರಗಳಿರುವ ಕಲ್ಲು ದಿಕ್ಕಿಗೊಂದು ಫಲಿತಾಂಶ ಕೊಡುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಂಥ ದುರಂತವನ್ನು ಒಂದು ಬಿಲ್ಲೆ ಒಡೆದು ಮುಂಗಾಣಲು ಆಗದು. ಅಲ್ಲಿ ಮಣ್ಣು, ಮಳೆನೀರು, ಕಡಿದ ಇಳಿಜಾರು ಎಲ್ಲದರ ಲೆಕ್ಕ ಬೇಕು. ಆದರೆ ಒಂದು ಪರೀಕ್ಷೆ ಎಲ್ಲವನ್ನೂ ಹೇಳದು ಎಂಬುದು ಅದನ್ನು ಕೈಬಿಡಲು ಕಾರಣವಲ್ಲ. ಕ್ಯೂಬ್ ಟೆಸ್ಟ್ ಕೂಡ ಎಲ್ಲವನ್ನೂ ಹೇಳುವುದಿಲ್ಲ, ಆದರೂ ಅದನ್ನೊಂದೇ ನಂಬಿ ಹಣ ಪಾವತಿಸುತ್ತಿದ್ದೇವೆ. ಕಡಲಂಚಿನ ಕಾಮಗಾರಿಗಳ ಟೆಂಡರಿನಲ್ಲಿ ಸೀಳು ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು. ಬಂಡೆ ಕಡಿಯುವ ಕಡೆ ಭೂವೈಜ್ಞಾನಿಕ ವರದಿಯ ಜೊತೆ ಶಿಲೆಯ ಎಳೆತ ಶಕ್ತಿಯೂ ದಾಖಲಾಗಬೇಕು. ಕಾಮಗಾರಿಯ ಫಲಕದಲ್ಲಿ ಮೊತ್ತ ಮತ್ತು ಗುತ್ತಿಗೆದಾರರ ಹೆಸರಿನ ಕೆಳಗೆ ಎರಡೂ ಪರೀಕ್ಷೆಗಳ ಅಂಕಿ ಬರೆದರೆ, ಕೊಟ್ಟ ತೆರಿಗೆಗೆ ಸಿಕ್ಕಿದ್ದೇನು ಎಂಬುದನ್ನು ಊರಿನವರೇ ಓದಿ ಪ್ರಶ್ನಿಸಬಹುದು.