ಬಂದ್ ಮಾಡುವ ಗುಂಡಿ ಎಲ್ಲಿದೆ?

ಆನೆಕೊಂಡದ ನಮ್ಮ ಓಣಿಯ ಹುಡುಗನೊಬ್ಬ ಒಂದು ಸಂಜೆ ಮಗ್ರಿಬ್ ನಮಾಜು ಮುಗಿಸಿ ನೇರ ನಮ್ಮ ಮನೆಗೆ ಬಂದ. ಅಂಗೈಯಲ್ಲಿ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಎರಡು ಕಪ್ಪು ಗುಂಡುಗಳಿದ್ದವು. ‘ಚಾಚಾ, ಇದನ್ನ ಬಂದ್ ಮಾಡೋದು ಹೆಂಗೆ?’ ಎಂದ. ನಾವು ಕನ್ನಡಕ ಏರಿಸಿಕೊಂಡು ತಿರುಗಿಸಿ ನೋಡಿದೆವು. ಎಲ್ಲಿಯೂ ಗುಂಡಿಯಿಲ್ಲ. ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರೆ ಮಲಗುತ್ತದೆ, ತೆಗೆದರೆ ಏಳುತ್ತದೆ, ಅಷ್ಟೇ.

ಹುಡುಗನ ಮುಖ ಸರಿಯಿರಲಿಲ್ಲ. ವಿಷಯ ಇಷ್ಟು. ಆ ಇಯರ್‌ಫೋನು ಮೊದಲು ಅವನ ಭಾಬಿಯದು. ಆಕೆ ಹರಿಹರದ ಮಗಳು. ಹೊಸದು ಬಂದ ಮೇಲೆ ಹಳೆಯದನ್ನು ಮೈದುನನಿಗೆ ಕೊಟ್ಟಿದ್ದಳು. ಅಂದು ಆಕೆ ಅಡುಗೆಮನೆಯಲ್ಲಿ ನಿಂತು ತಾಯಿಯೊಡನೆ ಫೋನಿನಲ್ಲಿ ಮಾತನಾಡುತ್ತಿದ್ದಳು. ಹಜಾರದಲ್ಲಿದ್ದ ಹುಡುಗ ಡಬ್ಬಿ ತೆರೆದು ಎರಡನ್ನೂ ಕಿವಿಗಿಟ್ಟುಕೊಂಡ. ಅವನ ಫೋನಿನ ಬ್ಲೂಟೂತ್ ಬಂದಾಗಿತ್ತು. ಆ ವಸ್ತು ತನ್ನ ಹಳೆಯ ಯಜಮಾನಿಯ ಫೋನನ್ನು ಹುಡುಕಿಕೊಂಡು ಹೋಯಿತು. ನಡುವೆ ಇದ್ದದ್ದು ಒಂದೇ ಗೋಡೆ. ಹತ್ತು ಮೀಟರು ಬ್ಲೂಟೂತಿಗೆ ದೂರವೇ ಅಲ್ಲ. ಹರಿಹರದ ಆ ತಾಯಿಯ ಅಳು ಅಡುಗೆಮನೆಯಿಂದ ಜಿಗಿದು ಹುಡುಗನ ಕಿವಿಯೊಳಗೆ ಬಿತ್ತು. ಅವನು ಕಿತ್ತು ಡಬ್ಬಿಗೆ ಹಾಕುವಷ್ಟರಲ್ಲಿ ನಾಲ್ಕೈದು ಮಾತು ಕೇಳಿಸಿಕೊಂಡಿದ್ದ. ಒಳಗೆ ಆಕೆ ‘ಅಮ್ಮೀ, ಅಮ್ಮೀ, ಆವಾಜ್ ಬರ್ತಿಲ್ಲ’ ಎಂದು ಕೂಗುತ್ತಿದ್ದಳಂತೆ. ಏನು ಕೇಳಿದೆ ಎಂದು ನಾವು ಕೇಳಲಿಲ್ಲ. ಅವನೂ ಹೇಳಲಿಲ್ಲ. ಒಳ್ಳೆಯ ಹುಡುಗ.

ಒಳ್ಳೆಯವನಲ್ಲದಿದ್ದರೆ? ಆ ಡಬ್ಬಿಯನ್ನು ಅತ್ತೆ ತೆರೆದಿದ್ದರೆ?

ಖಾಸಗಿತನ ಎಂಬ ಮಾತು ಬಂದಾಗಲೆಲ್ಲ ಇದು ಬೆಂಗಳೂರಿನ ಕಂಪ್ಯೂಟರ್ ಮಂದಿಯ ಚಿಂತೆ ಎಂದು ನಾವೂ ಒಂದು ಕಾಲಕ್ಕೆ ಅಂದುಕೊಂಡಿದ್ದುಂಟು. ಒಂದೇ ಗೋಡೆಗೆ ಎರಡು ಸಂಸಾರ ಬೆನ್ನು ಕೊಟ್ಟು ಕೂತಿರುವ ಓಣಿಯಲ್ಲಿ ಯಾವ ಖಾಸಗಿತನ? ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಬಂದವನ ಕೆಮ್ಮು ಕೂಡ ನೆರೆಮನೆಗೆ ಲೆಕ್ಕ. ನಮ್ಮ ಎಣಿಕೆ ತಪ್ಪಾಗಿತ್ತು. ಹತ್ತು ಕೋಣೆಯ ಬಂಗಲೆಯವನಿಗೆ ಒಂದು ಮಾತು ಸೋರಿದರೆ ಇನ್ನೊಂದು ಕೋಣೆಯಿದೆ. ಸೊಸೆಯಾಗಿ ಬಂದವಳಿಗೆ ಅಡುಗೆಮನೆಯ ಮೂಲೆಯ ಆ ಹತ್ತು ನಿಮಿಷವೇ ಇರುವ ಒಂದು ಕೋಣೆ. ‘ಮುಚ್ಚಿಡುವಂಥದ್ದು ಏನಿದೆ?’ ಎಂದು ಕೇಳುವ ದೊಡ್ಡವರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಬೀದಿಯಲ್ಲಿ ನಮ್ಮ ಹುಡುಗರಿಗೆ ‘ಫೋನ್ ತೋರಿಸು’ ಎಂದರೆ ಅವಮಾನವಾಯಿತೆನ್ನುವ ಈ ದೊಡ್ಡವರೇ ಮನೆಯೊಳಗೆ ಹೆಣ್ಣುಮಕ್ಕಳಿಗೆ ಅದೇ ಮಾತು ಹೇಳುತ್ತಾರೆ. ಯಾರ ಮನೆಗೆ ಹೋದರೂ ಹೊಸ್ತಿಲಾಚೆ ನಿಂತು ಸಲಾಮ್ ಹೇಳಬೇಕು, ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಬೇಸರಿಸದೆ ಹಿಂತಿರುಗಬೇಕು ಎಂದು ನಮ್ಮ ದಾದಿ ಕಲಿಸಿದ್ದರು. ಈ ಯಂತ್ರಕ್ಕೆ ಅಂಥ ದಾದಿ ಇರಲಿಲ್ಲ.

ಗುಂಡಿಯನ್ನು ತೆಗೆದವರು ಯಾರು, ಏಕೆ? 2020ರ ಡಿಸೆಂಬರಿನಲ್ಲಿ ಆಪಲ್ ಕಂಪನಿ ‘ಏರ್‌ಪಾಡ್ಸ್ ಮ್ಯಾಕ್ಸ್’ ಎಂಬ ತಲೆಗೆ ಹಾಕುವ ಹೆಡ್‌ಫೋನನ್ನು ತಂದಿತು. ನಮ್ಮ ದೇಶದಲ್ಲಿ ಅದಕ್ಕಿಟ್ಟ ಬೆಲೆ 59,900 ರೂಪಾಯಿ. ಅಷ್ಟು ದುಡ್ಡು ಕೊಟ್ಟರೂ ಬಂದ್ ಮಾಡುವ ಗುಂಡಿ ಮಾತ್ರ ಇಲ್ಲ. ಅಲುಗಿಸದೆ ಐದು ನಿಮಿಷ ಇಟ್ಟರೆ ಅರೆನಿದ್ದೆಗೆ ಹೋಗುತ್ತದೆ. ಬ್ಲೂಟೂತ್ ಪೂರ್ತಿ ನಿಲ್ಲಬೇಕಾದರೆ ಹೊರಗೆ ಹಾಗೆಯೇ 72 ಗಂಟೆ ಬಿದ್ದಿರಬೇಕು, ಇಲ್ಲವೇ ಅದರ ಜೊತೆ ಕೊಟ್ಟ ಚೀಲದೊಳಗೆ 18 ಗಂಟೆ ಇರಬೇಕು. ಇದು ಕಂಪನಿಯೇ ಹೇಳುವ ಲೆಕ್ಕ. ಅಂದರೆ ನೀವು ದುಡ್ಡು ಕೊಟ್ಟು ಕೊಂಡ ವಸ್ತು ಯಾವಾಗ ಮಲಗಬೇಕೆಂಬುದನ್ನು ಕ್ಯಾಲಿಫೋರ್ನಿಯಾದಲ್ಲಿ ಕುಳಿತವರು ಮೊದಲೇ ಬರೆದಿಟ್ಟಿದ್ದಾರೆ. ದುಬಾರಿ ಮಾಲಿನಲ್ಲಿ ಮಾತ್ರ ಹೀಗೆ ಎಂದಲ್ಲ, ಸಾವಿರ ರೂಪಾಯಿಗೆ ನಮ್ಮ ಹುಡುಗರು ಕೊಳ್ಳುವ ಡಬ್ಬಿಯ ಇಯರ್‌ಫೋನುಗಳೂ ಇದೇ ಜಾತಿಯವು.

ಇದರಲ್ಲಿ ಅನುಕೂಲವಿಲ್ಲವೆಂದು ನಾವು ಹೇಳುವುದಿಲ್ಲ. ಕೈ ನಡುಗುವ ಮುದುಕರಿಗೆ ಗುಂಡಿ ಹುಡುಕುವ ಕಷ್ಟ ತಪ್ಪುತ್ತದೆ. ಬಸ್ಸಿನಲ್ಲಿ ಬಿಟ್ಟದ್ದನ್ನು ಫೋನಿನ ನಕ್ಷೆಯಲ್ಲಿ ಹುಡುಕಿಕೊಳ್ಳಬಹುದು. ಹುಡುಕಲು ಸಿಗಬೇಕಾದರೆ ಅದು ಸದಾ ಸಣ್ಣ ದನಿಯಲ್ಲಿ ‘ಇಲ್ಲಿದ್ದೇನೆ’ ಎನ್ನುತ್ತಿರಲೇಬೇಕು. ತಕರಾರು ಅನುಕೂಲದ ಮೇಲಲ್ಲ. ಬೇಡವೆಂದವನ ಕೈಯಿಂದಲೂ ಗುಂಡಿಯನ್ನು ಕಿತ್ತುಕೊಂಡದ್ದರ ಮೇಲೆ.

ಆ ಸಣ್ಣ ದನಿಯನ್ನು ಯಾರು ಕೇಳಬಲ್ಲರು? ನಾರ್ವೆಯ ಓಸ್ಲೋ ನಗರದಲ್ಲಿ ಒಬ್ಬ ವಿದ್ಯಾರ್ಥಿ ಸೈಕಲ್ಲಿನ ಮೇಲೆ ಸುಮಾರು 300 ಕಿ.ಮೀ. ಸುತ್ತಿ ಗಾಳಿಯಲ್ಲಿದ್ದ ಬ್ಲೂಟೂತ್ ಸಂಕೇತಗಳನ್ನು ಹಿಡಿದಿಟ್ಟ. 2021ರಲ್ಲಿ ಅಲ್ಲಿನ ಸರಕಾರಿ ಪ್ರಸಾರ ಸಂಸ್ಥೆ ಇದನ್ನು ವರದಿ ಮಾಡಿತು. 129 ಹೆಡ್‌ಫೋನುಗಳನ್ನು ಒಂದು ದಿನಕ್ಕಿಂತ ಹೆಚ್ಚು ಕಾಲ ಬೆನ್ನಟ್ಟಲು ಅವನಿಗೆ ಸಾಧ್ಯವಾಗಿತ್ತು. ಕಾರಣ, ಅವು ತಮ್ಮ ಗುರುತಿನ ಸಂಖ್ಯೆಯನ್ನು ಬದಲಿಸದೆ ಹೋದಲ್ಲೆಲ್ಲ ಕೂಗಿಕೊಂಡು ತಿರುಗುತ್ತಿದ್ದವು. ಆ ಸಂಖ್ಯೆಯನ್ನು ಆಗಾಗ ಬದಲಿಸುವ ವ್ಯವಸ್ಥೆ ಬ್ಲೂಟೂತಿನಲ್ಲೇ ಉಂಟು. ತಯಾರಕರು ಬಳಸಿರಲಿಲ್ಲ. ಸೈಕಲ್ಲು ತುಳಿಯುವ ಒಬ್ಬನಿಂದ ಇಷ್ಟಾದರೆ ಪ್ರತಿ ಅಂಗಡಿಯ ಬಾಗಿಲಿಗೊಂದು ಪೆಟ್ಟಿಗೆ ಜೋಡಿಸಬಲ್ಲವನಿಂದ ಎಷ್ಟಾದೀತು?

ಕದಡಿ ನೋಡಿದಷ್ಟೂ ಕೆಸರು. 2017ರ ಏಪ್ರಿಲಿನಲ್ಲಿ ಬೋಸ್ ಕಂಪನಿಯ ಮೇಲೆ ಚಿಕಾಗೋದ ನ್ಯಾಯಾಲಯದಲ್ಲಿ ಒಬ್ಬ ಗ್ರಾಹಕ ದಾವೆ ಹೂಡಿದ. ತಾನು ಯಾವ ಹಾಡು, ಯಾವ ಭಾಷಣ ಕೇಳುತ್ತೇನೆಂಬುದನ್ನು ಕಂಪನಿಯ ಆ್ಯಪ್ ಸಂಗ್ರಹಿಸಿ ಬೇರೆಯವರಿಗೆ ದಾಟಿಸುತ್ತಿದೆ ಎಂಬುದು ಅವನ ಆಪಾದನೆ. ಕಂಪನಿ ಅದನ್ನು ಅಲ್ಲಗಳೆಯಿತು. 2025ರ ಜೂನ್‌ನಲ್ಲಿ ಜರ್ಮನಿಯ ಭದ್ರತಾ ಸಂಶೋಧಕರು ತೈವಾನಿನ ಐರೋಹಾ ಕಂಪನಿಯ ಚಿಪ್ಪಿನಲ್ಲಿ ಬಿರುಕುಗಳಿವೆ ಎಂದು ತೋರಿಸಿದರು. ಸೋನಿ, ಬೋಸ್, ಜೆಬಿಎಲ್ ಮುಂತಾದ ಹೆಸರಾಂತ ಕಂಪನಿಗಳ ಹಲವು ಮಾದರಿಗಳಲ್ಲಿ ಆ ಚಿಪ್ಪು ಇತ್ತು. ಹತ್ತಿರ ನಿಂತ ಬಲ್ಲವನೊಬ್ಬ ಜೋಡಣೆಯ ಗೊಡವೆಯಿಲ್ಲದೆಯೇ ಹೆಡ್‌ಫೋನಿನೊಳಗೆ ನುಗ್ಗಿ ಅದರ ಮೈಕಿನಿಂದ ಕೇಳಿಸಿಕೊಳ್ಳುವ ಸಾಧ್ಯತೆ ಇತ್ತು. ದುರಸ್ತಿಯ ತಂತ್ರಾಂಶ ಬಂತೇನೋ ನಿಜ. ಆದರೆ ಅದನ್ನು ಹಾಕಿಕೊಳ್ಳಲು ಕಂಪನಿಯ ಆ್ಯಪ್ ಬೇಕು, ಆ್ಯಪಿಗೆ ನಮ್ಮ ಇಮೇಲ್ ಬೇಕು, ಕೆಲವಕ್ಕೆ ನಾವಿರುವ ಜಾಗವೂ ಬೇಕು. ಕಳ್ಳನಿಂದ ಕಾಪಾಡುವ ಕಾವಲುಗಾರ ಬೀಗದ ಕೈ ಕೇಳಿದ ಹಾಗೆ! ಕೊಟ್ಟ ವಿವರಗಳು ಎಷ್ಟು ಭದ್ರ? 2024ರ ಏಪ್ರಿಲಿನಲ್ಲಿ ನಮ್ಮದೇ ದೇಶದ ಬೋಟ್ ಕಂಪನಿಯ ಸುಮಾರು 75 ಲಕ್ಷ ಗ್ರಾಹಕರ ಹೆಸರು, ವಿಳಾಸ, ಫೋನ್ ಸಂಖ್ಯೆಗಳು ಕಳ್ಳಸಂತೆಗೆ ಬಿದ್ದಿವೆಯೆಂದು ಸುದ್ದಿಯಾಯಿತು. ತನಿಖೆ ಮಾಡುತ್ತಿದ್ದೇವೆ ಎಂದು ಕಂಪನಿ ಹೇಳಿತು.

ಫೋನೇ ದೊಡ್ಡ ಬೇಹುಗಾರ, ಪಾಪದ ಇಯರ್‌ಫೋನಿನ ಮೇಲೇಕೆ ಸಿಟ್ಟು ಎನ್ನುವವರಿದ್ದಾರೆ. ಒಪ್ಪಿದೆವು. ಆದರೆ ಫೋನಿನ ಮಟ್ಟಿಗೂ ಈ ರೋಗ ಹೊಸದಲ್ಲ. 2021ರಿಂದ ಹೊಸ ಐಫೋನುಗಳು ಬಂದ್ ಮಾಡಿದ ಮೇಲೂ ತಾವಿರುವ ಸುಳಿವನ್ನು ಕೊಡುತ್ತಲೇ ಇರುತ್ತವೆ. ಬೇಡವೆಂದರೆ ಬಿಡಿಸಿಕೊಳ್ಳಬಹುದು, ಆದರೆ ಹಾಗೊಂದು ಉಂಟೆಂದು ಎಷ್ಟು ಜನಕ್ಕೆ ಗೊತ್ತು? ‘ಬಂದ್’ ಎಂಬ ಪದದ ಅರ್ಥವೇ ನಮ್ಮನ್ನು ಕೇಳದೆ ಬದಲಾಗಿದೆ. ದಾವಣಗೆರೆಯವರಿಗೆ ಈ ಪದದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಮಿಲ್ಲಿನ ಸೈರನ್ ಕೂಗಿದರೆ ಪಾಳಿ ಮುಗಿಯಿತು, ಯಂತ್ರ ನಿಂತಿತು, ಮೈಮೇಲಿನ ಹತ್ತಿ ಕೊಡವಿಕೊಂಡು ಜನ ಮನೆಗೆ ಹೊರಟರು. ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲೆಳೆದಾಗ ಆ ಪದದ ಇನ್ನೊಂದು ಅರ್ಥವೂ ಊರಿಗೆ ತಿಳಿಯಿತು. ನಮ್ಮ ಅಬ್ಬಾ ಇಟ್ಟುಕೊಂಡಿದ್ದ ರೇಡಿಯೋದ ಗುಬುಟು ಎಡಕ್ಕೆ ತಿರುಗಿದರೆ ‘ಕಟಕ್’ ಎನ್ನುತ್ತಿತ್ತು. ಆಮೇಲೆ ಮನೆಯೊಳಗಿನ ಮಾತು ಮನೆಯವರದು.

ಬ್ಯಾಟರಿಯ ಮಾತೂ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಪೂರ್ತಿ ನಿಲ್ಲದ ಯಂತ್ರ ಹನಿಹನಿಯಾಗಿ ವಿದ್ಯುತ್ ಕುಡಿಯುತ್ತಲೇ ಇರುತ್ತದೆ. ಇಯರ್‌ಫೋನಿನ ಬ್ಯಾಟರಿ ಒಂದು ಕಡಲೆಕಾಳಿನ ಗಾತ್ರದ್ದು. ಲಿಥಿಯಂ ಬ್ಯಾಟರಿಗೆ ತುಂಬಿ ಬರಿದಾಗುವ ಸುತ್ತುಗಳು ಲೆಕ್ಕದವು. ಕೆಲವು ನೂರು ಸುತ್ತಿನ ನಂತರ ಅದರ ತಾಕತ್ತು ಇಳಿಯುತ್ತದೆ. ಎರಡು ವರ್ಷಕ್ಕೆ ಒಂದು ಕಿವಿಯದು ಅರ್ಧ ಗಂಟೆಗೆ ಸಾಯುತ್ತದೆ, ಇನ್ನೊಂದು ಕಿವಿಯದು ಜೀವಂತ. ದುರಸ್ತಿ ಅಂಗಡಿಗೆ ಒಯ್ದರೆ ಅಂಟು ಹಾಕಿ ಮುಚ್ಚಿದ್ದನ್ನು ಬಿಚ್ಚಿದರೆ ಒಡೆದೀತು ಎನ್ನುತ್ತಾರೆ. ಗಡಿಯಾರದ ಸೆಲ್ಲು ಬದಲಿಸಿದಂತೆ ಇದನ್ನು ಏಕೆ ಬದಲಿಸಬಾರದು? ಯೂರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ 2027ರ ಫೆಬ್ರವರಿ 18ರಿಂದ ಇಂಥ ಸಣ್ಣ ಬ್ಯಾಟರಿಗಳನ್ನು, ಕೆಲವು ವಿನಾಯಿತಿ ಬಿಟ್ಟರೆ, ಬಳಕೆದಾರನೇ ತೆಗೆದು ಬದಲಿಸುವಂತಿರಬೇಕು. ನಮ್ಮ ಬ್ಯಾಟರಿ ತ್ಯಾಜ್ಯ ನಿಯಮಗಳು 2022ರಲ್ಲಿ ಬಂದವು. ಅವು ಸತ್ತ ಬ್ಯಾಟರಿಯನ್ನು ತಯಾರಕರು ಹಿಂದಕ್ಕೆ ಪಡೆಯಬೇಕೆನ್ನುತ್ತವೆ. ಇನ್ನಷ್ಟು ದಿನ ಬದುಕಿಸುವ ಹಕ್ಕನ್ನು ಬಳಸುವವನಿಗೆ ಕೊಡುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. 2024ರಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ತೀರ್ಪಿನ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು, ಕಂಪನಿಗಳಿಗೆ ತಯಾರಾಗಲು ಹದಿನೆಂಟು ತಿಂಗಳ ಗಡುವೂ ಸಿಕ್ಕಿತು. ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದು ಆ ಕಾಯ್ದೆ ಹೇಳುತ್ತದೆ. ಕನ್ನಡವೂ ಅದರಲ್ಲಿದೆ, ಉರ್ದುವೂ ಇದೆ. ಆ ಹುಡುಗ ತಂದು ತೋರಿಸಿದ ರಟ್ಟಿನ ಡಬ್ಬಿಯೊಳಗಿನ ಚೀಟಿಯಲ್ಲಿ ಇಂಗ್ಲಿಷೂ ಚೀನಿಯೂ ಇದ್ದವು.

ನಾವು ಕೇಳುವುದು ಹೆಚ್ಚೇನಲ್ಲ. ಬ್ಯಾಟರಿಯಿಂದ ಬರುವ ದಾರಿಯನ್ನು ಕಡಿಯುವ, ಬೆರಳಿಗೆ ಸಿಗುವ ಒಂದು ಗುಂಡಿ. ಅದು ಹಿಡಿಸದಷ್ಟು ಸಣ್ಣ ವಸ್ತುವಾದರೆ ಡಬ್ಬಿಯ ಮೇಲಾದರೂ ಹಳೆಯ ಜೋಡಣೆಗಳನ್ನೆಲ್ಲ ಒಂದೇ ಏಟಿಗೆ ಮರೆಸುವ ಗುಂಡಿ. ಅದನ್ನು ಒತ್ತುವುದು ಹೇಗೆಂದು ಎರಡು ಸಾಲು ಕನ್ನಡದಲ್ಲಿ. ವಾದಕ್ಕೆ ಬಂದವರು ‘ಗಿರಾಕಿ ಕೇಳುತ್ತಿಲ್ಲ’ ಎನ್ನಬಹುದು. ಗಿರಾಕಿ ಕೇಳಿದ್ದಾನೆ, ನಮ್ಮ ಮನೆಗೆ ಬಂದು.

ಅಂದು ರಾತ್ರಿ ನಾವಿಬ್ಬರೂ ಕೂತು ಅವನ ಭಾಬಿಯ ಫೋನಿನಿಂದ ಆ ಹೆಸರನ್ನು ಅಳಿಸುವ ದಾರಿ ಹುಡುಕಿದೆವು. ಅದಕ್ಕೆ ಆಕೆಯ ಫೋನು ಕೈಗೆ ಬೇಕು. ಫೋನು ಕೇಳಬೇಕಾದರೆ ಏಕೆಂದು ಆಕೆಗೆ ಹೇಳಬೇಕು. ಹುಡುಗ ಬಹಳ ಹೊತ್ತು ತಲೆ ಕೆಳಗೆ ಹಾಕಿ ಕೂತಿದ್ದ. ಕೊನೆಗೆ ಡಬ್ಬಿಗೆ ರಬ್ಬರ್ ಬ್ಯಾಂಡು ಸುತ್ತಿ ನಮ್ಮ ಮೇಜಿನ ಮೇಲಿಟ್ಟು, ‘ನಿಮ್ಮತ್ರನೇ ಇರಲಿ ಚಾಚಾ’ ಎಂದು ಎದ್ದು ಹೋದ. ಈ ಲೇಖನ ಬರೆಯುವಾಗಲೂ ಅದು ಇಲ್ಲೇ ಇದೆ.